ಫುಪ್ಪುವನ್ನು ಸಲಾಲಾಗೆ ಕರೆಸಿ, ನೀವೂ ಅಲ್ಲಿಗೇ ಹೋಗಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವು ಕಲಬುರಗಿಯವರು. ಮನೆಯಲ್ಲಿ ದಖನಿ ಮಾತಾಡ್ತೀವಿ, ನಾನು ಓದಿದ್ದು ಪೂರ್ತಿ ಕನ್ನಡ ಶಾಲೆಯಲ್ಲಿ. ಓಣಿಯಲ್ಲಿ ನಮ್ಮನ್ನು ಚಾವುಷ್ ಮನೆಯವರು ಅಂತಾರೆ. ನಮ್ಮ ಪರದಾದಾ, ಅಂದರೆ ಮುತ್ತಜ್ಜ, ಯೆಮೆನ್ ದೇಶದ ಹದ್ರಮೌತ್‌ನಿಂದ ನಿಜಾಮರ ಫೌಜಿಗೆ ಬಂದವರು. ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿಕೊಂಡ 1948ರ ಪೊಲೀಸ್ ಕಾರ್ಯಾಚರಣೆ ಆದಮೇಲೆ ದಾದಾನ (ಅಜ್ಜನ) ತಮ್ಮನನ್ನು ಹಡಗು ಹತ್ತಿಸಿ ಯೆಮೆನ್ ಕಡೆಯ ಏಡನ್‌ಗೆ ಕಳಿಸಿದರಂತೆ. ದಾದಾ ಇಲ್ಲೇ ಉಳಿದರು. ಆಗ ನಮ್ಮ ಅಬ್ಬಾ ತೊಟ್ಟಿಲಲ್ಲಿದ್ದರು, ಈಗ ಅವರಿಗೆ 77. ಹೋದ ವರ್ಷ ಸಂಬಂಧಿಕರೊಬ್ಬರ ಮೂಲಕ ಆ ಚಿಕ್ಕ ದಾದಾನ ಮಗಳ ಫೋನ್ ನಂಬರ್ ಸಿಕ್ಕಿತು. ಹದ್ರಮೌತ್‌ನ ಸೆಯೂನ್ ಊರಲ್ಲಿದ್ದಾರೆ. ಅಬ್ಬಾಗೆ ತಂಗಿ, ನನಗೆ ಫುಪ್ಪು. ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದೆ ಸುಮ್ನೆ ಅಳ್ತಾರೆ. ಅಬ್ಬಾ ಒಂದು ಸಲ ಆ ಮಣ್ಣು ಮುಟ್ಟಬೇಕು ಅಂತಿದ್ದಾರೆ. ಒಬ್ಬ ಏಜೆಂಟ್ ಸಿಕ್ಕಿದ್ದಾನೆ. ಓಮನ್‌ಗೆ ವೀಸಾ ಮಾಡಿಸಿ ಅಲ್ಲಿಂದ ಗಾಡಿಯಲ್ಲಿ ಗಡಿ ದಾಟಿಸ್ತಾನಂತೆ, ಪಾಸ್‌ಪೋರ್ಟಿಗೆ ಯೆಮೆನ್ ಸೀಲ್ ಬೀಳಲ್ವಂತೆ. ನಂಬಬಹುದಾ? ಅಬ್ಬಾಗೆ ಇನ್ನೂ ಪಾಸ್‌ಪೋರ್ಟೇ ಇಲ್ಲ. ನನ್ನ ಹೆಂಡತಿ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ, ಅವಳಿಗೆ ಗಲ್ಫಿಗೆ ಹೋಗೋಕೆ ತೊಂದರೆ ಆಗುತ್ತಾ?
– ಒಬ್ಬ ಓದುಗ, ಕಲಬುರಗಿ

ಉತ್ತರ: ತಮ್ಮಾ, ಮೊದಲು ಆ ಏಜೆಂಟನ ನಂಬರ್ ಫೋನಿನಿಂದ ಅಳಿಸಿ. ಉಳಿದದ್ದು ಆಮೇಲೆ.

ನಮ್ಮ ಸರ್ಕಾರ 2017ರ ಸೆಪ್ಟೆಂಬರ್‌ನಲ್ಲಿ ಭಾರತೀಯರು ಯೆಮೆನ್‌ಗೆ ಹೋಗುವುದನ್ನು ನಿಷೇಧಿಸಿದೆ. 1967ರ ಪಾಸ್‌ಪೋರ್ಟ್ ಕಾಯ್ದೆಯ 19ನೇ ಕಲಮಿನಂತೆ ಇಂಥ ಅಧಿಸೂಚನೆ ಹೊರಡಿಸಿದ ದೇಶಕ್ಕೆ ನಿಮ್ಮ ಪಾಸ್‌ಪೋರ್ಟ್ ನಡೆಯುವುದೇ ಇಲ್ಲ. ಸೀಲ್ ಬಿದ್ದರೂ ಅಷ್ಟೇ, ಬೀಳದಿದ್ದರೂ ಅಷ್ಟೇ. ಸಿಕ್ಕಿಬಿದ್ದರೆ ಪಾಸ್‌ಪೋರ್ಟ್ ಕಿತ್ತುಕೊಳ್ಳಬಹುದು, ಆಮೇಲೆ ವರ್ಷಗಟ್ಟಲೆ ಯಾವ ದೇಶಕ್ಕೂ ಹೋಗೋ ಹಾಗಿರಲ್ಲ. ಅಲ್ಲಿ ಏನಾದರೂ ಆದರೆ ಓಡಿಹೋಗಿ ಹೇಳೋಕೆ ನಮ್ಮ ರಾಯಭಾರ ಕಚೇರಿಯೂ ಯೆಮೆನ್ ರಾಜಧಾನಿ ಸನಾದಲ್ಲಿಲ್ಲ, 2015ರಲ್ಲೇ ಅಲ್ಲಿಂದ ಎತ್ತಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ನೌಕಾಪಡೆ, ವಾಯುಪಡೆ ಸೇರಿ 4,600ಕ್ಕೂ ಜಾಸ್ತಿ ಭಾರತೀಯರನ್ನು ಅಲ್ಲಿಂದ ಕರೆತಂದದ್ದು ನಿಮಗೂ ನೆನಪಿರಬೇಕು. ವಿಶೇಷ ಅನುಮತಿ ಅಂತ ಒಂದು ದಾರಿ ಇದೆ, ಆದರೆ ಅದು ಎಷ್ಟು ಕಷ್ಟ ಅಂದರೆ, ಅಲ್ಲಿ ಜೈಲಿನಲ್ಲಿದ್ದ ಕೇರಳದ ನರ್ಸ್ ಒಬ್ಬರ ತಾಯಿ ಮಗಳನ್ನು ನೋಡೋಕೆ ದೆಹಲಿ ಹೈಕೋರ್ಟಿನ ತನಕ ಹೋಗಬೇಕಾಯಿತು. ಮಗಳ ಜೀವದ ಪ್ರಶ್ನೆ ಇದ್ದವರಿಗೇ ಹೀಗಾದರೆ ಮಣ್ಣು ಮುಟ್ಟೋಕೆ ಅಂದವರಿಗೆ ಕೊಡ್ತಾರಾ? ನನಗೆ ಅನ್ನಿಸಲ್ಲ.

ಗಡಿ ಶಾಂತವಾಗಲಿ, ಆಮೇಲೆ ಹೋದರಾಯಿತು ಅಂತ ಅಬ್ಬಾ ಹೇಳಬಹುದು. ಅದನ್ನೂ ಕೇಳಬೇಡಿ. ನಾನು ಬೀದರ್‌ನಲ್ಲಿ ಬೆಳೆದವಳು. ನನ್ನ ಜೊತೆ ಓದಿದ ಗೆಳತಿಯ ಮನೆಯವರೂ ಹದ್ರಮೌತ್ ಮೂಲದವರೇ. ಅವಳ ತಂದೆ 2014ರಲ್ಲಿ ಪಾಸ್‌ಪೋರ್ಟ್ ಮಾಡಿಸಿದರು. ಅಷ್ಟರಲ್ಲಿ ಯೆಮೆನ್‌ನಲ್ಲಿ ಯುದ್ಧ ಶುರುವಾಯಿತು. ಈ ರಂಜಾನ್ ಕಳೀಲಿ, ಮುಂದಿನ ರಂಜಾನ್ ಕಳೀಲಿ ಅಂತ ಐದು ವರ್ಷ ಕಾದರು. 2019ರಲ್ಲಿ ತೀರಿಕೊಂಡುಬಿಟ್ಟರು. ಆ ಪಾಸ್‌ಪೋರ್ಟ್ ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. 36 ಪುಟದಲ್ಲಿ ಒಂದರ ಮೇಲೂ ಒಂದು ಗುರುತಿಲ್ಲ. ಅದರೊಳಗೆ ಅಣ್ಣನಿಗೆ ಕೊಡೋಕೆ ಅಂತ ತೆಗೆಸಿದ್ದ ಫೋಟೋ ಹಾಗೇ ಇತ್ತು, ಹಿಂದುಗಡೆ ಅರಬ್ಬಿಯಲ್ಲಿ ಹೆಸರು ಬರೆಸಿದ್ದರು.

ಅದಕ್ಕೇ ಹೇಳ್ತೀನಿ, ಊರು ಕಾಯುತ್ತೆ, ಮನುಷ್ಯರು ಕಾಯಲ್ಲ. ನೀವು ಸಲಾಲಾಗೆ ಹೋಗಿ. ಫುಪ್ಪುವನ್ನೂ ಅಲ್ಲಿಗೇ ಕರೆಸಿ.

ಸಲಾಲಾ ಓಮನ್ ದೇಶದ ದಕ್ಷಿಣ ತುದಿಯ ಊರು. ಹದ್ರಮೌತ್‌ಗೂ ಓಮನ್‌ಗೂ ನಡುವೆ ಮಹ್ರಾ ಅನ್ನೋ ಒಂದೇ ಪ್ರಾಂತ್ಯ. ಆ ಕಡೆಯ ಜನ ಆಸ್ಪತ್ರೆಗೆ, ವ್ಯಾಪಾರಕ್ಕೆ ರಸ್ತೆ ಮೇಲೇ ಸಲಾಲಾಗೆ ಬರ್ತಾರೆ. ಆದರೆ ಅವರಿಗೂ ಓಮನ್ ವೀಸಾ ಬೇಕು, ಆ ವೀಸಾ ನಿಮ್ಮದಕ್ಕಿಂತ ಕಷ್ಟ. ಹಾಗಾಗಿ ಫುಪ್ಪುವಿನ ವೀಸಾ ಕೈಗೆ ಬರೋ ತನಕ ನೀವು ಟಿಕೆಟ್ ಮಾಡಿಸಲೇಬೇಡಿ. ನಿಮ್ಮ ಇ-ವೀಸಾಕ್ಕೆ ರಾಯಲ್ ಓಮನ್ ಪೊಲೀಸ್ ವೆಬ್‌ಸೈಟಿನಲ್ಲಿ ನೀವೇ ಅರ್ಜಿ ಹಾಕಬಹುದು, ಯಾರಿಗೂ ಕಮಿಷನ್ ಕೊಡಬೇಕಿಲ್ಲ. ಹೈದರಾಬಾದಿನಿಂದ ಮಸ್ಕತ್, ಅಲ್ಲಿಂದ ಇನ್ನೊಂದು ವಿಮಾನ. ಮಸ್ಕತ್‌ನಿಂದ ಬಸ್ಸೂ ಇದೆ, ಆದರೆ ಸಾವಿರ ಕಿಲೋಮೀಟರ್ ಮರಳುಗಾಡು, 77ರ ಮಂಡಿಗೆ ಅದು ಬೇಡ. ಟಿಕೆಟ್ ಮುಂಚೆ ವಿದೇಶಾಂಗ ಸಚಿವಾಲಯದ ಸೂಚನೆ ಒಮ್ಮೆ ನೋಡಿಕೊಳ್ಳಿ, ಆ ಭಾಗದಲ್ಲಿ ಪರಿಸ್ಥಿತಿ ಬೇಗ ಬದಲಾಗುತ್ತೆ.

ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಅಲ್ಲಿ ಖರೀಫ್, ಅಂದರೆ ಮಳೆಗಾಲ. ಇಡೀ ಗಲ್ಫ್ ಒಣಗಿರುವಾಗ ಸಲಾಲಾದ ಗುಡ್ಡಗಳು ಹಸಿರಾಗ್ತವೆ, ಮಂಜು ಇಳಿಯುತ್ತೆ. ಅದನ್ನು ನೋಡೋಕೆ ಎಲ್ಲ ಕಡೆಯಿಂದ ಜನ ನುಗ್ಗುತ್ತಾರೆ, ರೂಮಿನ ಬಾಡಿಗೆ ಕೈಗೆ ಸಿಗಲ್ಲ. ಮೈದುನ ಅಲ್ಲಿ ಕೆಲಸದಲ್ಲಿದ್ದಾಗ ನಾನು ಹೋಗಿದ್ದು ಡಿಸೆಂಬರ್‌ನಲ್ಲಿ. ರಸ್ತೆ ಪಕ್ಕ ತಟ್ಟಿಯ ಅಂಗಡಿಗಳಲ್ಲಿ ಎಳನೀರು, ಬಾಳೆಗೊನೆ ತೂಗುಹಾಕಿದ್ದರು. ಬೆಳಿಗ್ಗೆ ಆದರೆ ಸಾಕು ಮನೆಮನೆಯಿಂದ ಲೋಬಾನದ ಹೊಗೆ. ಆ ಲೋಬಾನದ ಮರ ಬೆಳೆಯೋದೇ ಆ ಗುಡ್ಡಗಳಲ್ಲಿ, ಹದ್ರಮೌತ್‌ನಲ್ಲೂ ಅದೇ ಮರ. ಅಬ್ಬಾಗೆ ಮೂಲ ಊರಿನ ಏನಾದರೂ ಬೇಕು ಅಂದರೆ ಆ ವಾಸನೆ ಅಲ್ಲೇ ಸಿಗುತ್ತೆ.

ಇನ್ನೊಂದು ದಾರಿ ಉಮ್ರಾ, ಅಂದರೆ ಮಕ್ಕಾ ಯಾತ್ರೆ. ನೀವೂ ಉಮ್ರಾಕ್ಕೆ ಹೋಗಿ, ಅವರೂ ಬರಲಿ, ಮಕ್ಕಾದಲ್ಲೋ ಜೆಡ್ಡಾದಲ್ಲೋ ಸಿಗಿ. ಜೆಡ್ಡಾದಲ್ಲಿ ಹದ್ರಮೌತ್ ಮೂಲದ ಮನೆಗಳು ಬೇಕಾದಷ್ಟಿವೆ, ನಿಮ್ಮವರೇ ಯಾರಾದರೂ ಇದ್ದರೂ ಇರಬಹುದು, ಫುಪ್ಪುವನ್ನು ಕೇಳಿ. ಅಬ್ಬಾ ಇನ್ನೂ ಉಮ್ರಾ ಮಾಡಿಲ್ಲದಿದ್ದರೆ ಇದೇ ಒಳ್ಳೇದು. ಕೂತು ಮಾತಾಡಬೇಕು, ನಾಲ್ಕು ದಿನ ಒಂದೇ ಸೂರಿನಡಿ ಇರಬೇಕು ಅಂದರೆ ಮಾತ್ರ ಸಲಾಲಾ. ಉಮ್ರಾ ಗುಂಪಿನ ಬಸ್ಸು, ಹೊತ್ತು, ಜನಜಂಗುಳಿಯಲ್ಲಿ ಇಬ್ಬರು ಮುದುಕರು ಎಷ್ಟು ಹೊತ್ತು ಕೂರೋಕಾಗುತ್ತೆ?

ಪಾಸ್‌ಪೋರ್ಟಿನ ಮಾತು. ಸಾಧಾರಣ ಪಾಸ್‌ಪೋರ್ಟಿಗೆ 1,500 ರೂಪಾಯಿ, 60 ದಾಟಿದವರಿಗೆ ಹೊಸದಕ್ಕೆ ಶೇ. 10 ಕಡಿಮೆ. ಶುಲ್ಕ ದೊಡ್ಡ ವಿಷಯ ಅಲ್ಲ, ಹೆಸರು ದೊಡ್ಡ ವಿಷಯ. ನಿಮ್ಮ ಮನೆತನಗಳ ಹೆಸರಲ್ಲಿ ‘ಬಿನ್’, ‘ಬಾ’ ಇರ್ತಾವಲ್ವಾ, ಆಧಾರ್‌ನವನು ಅದನ್ನು ಮುಂದಿನ ಪದಕ್ಕೆ ಅಂಟಿಸಿರ್ತಾನೆ, ವೋಟರ್ ಐಡಿಯವನು ಬಿಟ್ಟೇಬಿಟ್ಟಿರ್ತಾನೆ, ಪ್ಯಾನ್‌ನಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಮೊದಲು ಆಧಾರ್ ಸರಿ ಮಾಡಿಸಿ, ಆಮೇಲೆ ಅರ್ಜಿ. ಮನೆತನದ ಹೆಸರು ಸರ್‌ನೇಮ್ ಜಾಗದಲ್ಲೇ ಬರಲಿ. ಅಬ್ಬಾ ಕಾಲದವರಿಗೆ ಜನನ ಪತ್ರವೇ ಬೇಕು ಅಂತಿಲ್ಲ, ಪ್ಯಾನ್, ಶಾಲೆಯ ಟಿಸಿ ಇಂಥವು ನಡೀತವೆ.

ನಿಮ್ಮ ಹೆಂಡತಿಗೆ ಭಯ ಬೇಡ. ಹತ್ತನೇ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ (ವಲಸೆ ತಪಾಸಣೆ ಬೇಕು ಅನ್ನೋ ಗುರುತಿನದು) ಆಗಿರುತ್ತೆ ನಿಜ, ಆದರೆ ಆ ತಪಾಸಣೆ ಗಲ್ಫಿನಂಥ ದೇಶಗಳಿಗೆ ಕೆಲಸಕ್ಕೆ ಹೋಗೋರಿಗೆ. ನೋಡಿಕೊಂಡು ಬರೋಕೆ ಹೋಗೋರಿಗೆ ವೀಸಾ ಮತ್ತು ವಾಪಸ್ ಟಿಕೆಟ್ ಇದ್ದರೆ ಸಾಕು. ಎರಡನ್ನೂ ಪ್ರಿಂಟ್ ತೆಗೆದು ಅವರ ಕೈಯಲ್ಲೇ ಕೊಡಿ. ಅಬ್ಬಾಗೆ 50 ದಾಟಿರೋದರಿಂದ ಈ ಗೋಜೇ ಇಲ್ಲ.

ಸಾಮಾನಿನಲ್ಲಿ ಗಸಗಸೆ ಬೇಡವೇ ಬೇಡ. ಮಸಾಲೆ ಪುಡಿಯಲ್ಲಿ ಬೆರೆಸಿದ್ದರೂ ಬೇಡ. ಸೌದಿ, ಯುಎಇಯಲ್ಲಿ ಅದು ಮಾದಕವಸ್ತುವಿನ ಲೆಕ್ಕ, ಪಾಪ ಅಡುಗೆಗೆ ಅಂತ ಒಯ್ದವರು ಜೈಲು ಕಂಡಿದ್ದಾರೆ. ಅಬ್ಬಾ ಮಂಡಿನೋವಿಗೆ ಟ್ರಮಡಾಲ್ ತಗೋತಿದ್ದರೆ, ಕೋಡೀನ್ ಇರೋ ಕೆಮ್ಮಿನ ಔಷಧಿ ಇದ್ದರೆ, ಡಾಕ್ಟರಿಗೆ ಹೇಳಿ ಮುಂಚೆಯೇ ಬೇರೆ ಬರೆಸಿಕೊಳ್ಳಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ, ತಿಂಗಳಾದರೂ ಕೆಡಲ್ಲ. ಫುಪ್ಪುವಿಗೆ ಒಂದು ಸಣ್ಣ ಬಿದರಿ ಡಬ್ಬಿ. ನಾನು ಬೀದರಿನವಳು ಅಂತ ಹೇಳ್ತಿಲ್ಲ, ಮನೆಯಲ್ಲಿ ಕಣ್ಣಿಗೆ ಬೀಳೋ ಹಾಗೆ ಉಳಿಯುತ್ತೆ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ತುಂಬ ತಟ್ಟಿದ ಮಾತಿಗೆ ಬರ್ತೀನಿ. ‘ಕಳಿಸಿದರಂತೆ’ ಅಂತ ಬರೆದಿದ್ದೀರಿ. ಅಂತೆ ಅಲ್ಲ ತಮ್ಮಾ, ಅದು ನಡೆದದ್ದೇ. ಪೊಲೀಸ್ ಕಾರ್ಯಾಚರಣೆ ಆದಮೇಲೆ ನಿಜಾಮರ ಸೇವೆಯಲ್ಲಿದ್ದ ಅರಬರನ್ನು ಹಿಡಿದು ಕೂಡಿಹಾಕಿ, ಸಾವಿರಾರು ಜನರನ್ನು ಏಡನ್ ಕಡೆ ವಾಪಸ್ ಕಳಿಸಿದರು. ಎಷ್ಟೋ ಜನ ಹುಟ್ಟಿದ್ದೇ ಇಲ್ಲಿ, ಅವರ ತಾಯಂದಿರು ಇಲ್ಲಿಯವರು. ಅದಕ್ಕೂ ಮುಂಚೆ ಆ ದಾರಿ ಎಷ್ಟು ಸಲೀಸಾಗಿತ್ತು ಗೊತ್ತಾ? 1937ರ ತನಕ ಏಡನ್ ಬ್ರಿಟಿಷ್ ಭಾರತದ ಆಡಳಿತದಲ್ಲೇ ಇತ್ತು, ಅಲ್ಲಿ ರೂಪಾಯಿಯೇ ನಡೀತಿತ್ತು. ಹೈದರಾಬಾದಿನಲ್ಲಿ ಜಮಾದಾರರಾಗಿ, ಅಂದರೆ ಅರಬ್ ಸೈನಿಕರ ಮುಖಂಡರಾಗಿ, ದುಡ್ಡು ಮಾಡಿದ ಅಲ್-ಖುಐತಿ ಮನೆತನದವರೇ ಆಮೇಲೆ ಹದ್ರಮೌತ್‌ನ ಮುಕಲ್ಲಾದಲ್ಲಿ ಸುಲ್ತಾನರಾಗಿ 1967ರ ತನಕ ಆಳಿದರು. ಚಾವುಷ್ ಅನ್ನೋದೂ ತುರ್ಕಿ ಫೌಜಿನ ಒಂದು ಹುದ್ದೆಯ ಹೆಸರು. ಇದನ್ನೆಲ್ಲ ನಿಮ್ಮ ಮಕ್ಕಳಿಗೂ ಹೇಳಿ.

ಹೋಗೋ ಮುಂಚೆ ಒಂದು ಕೆಲಸ ಮಾಡಿ. ಫುಪ್ಪುವಿನ ಮನೆಯಲ್ಲಿ ಶಜರಾ ಇದ್ದೇ ಇರುತ್ತೆ, ಮನೆತನದ ವಂಶದ ಮರ. ಗೆಳತಿಯ ಮನೆಯ ತಗಡಿನ ಟ್ರಂಕಿನಲ್ಲಿ ನಾನು ಒಂದು ನೋಡಿದ್ದೆ. ಮಡಿಕೆಯಲ್ಲೆಲ್ಲ ಹರಿದು ಹಿಂದಿನಿಂದ ಬಟ್ಟೆ ಅಂಟಿಸಿದ ಕಾಗದ, ಕಪ್ಪು ಶಾಯಿ, ಎಲೆ ಎಲೆಯಲ್ಲಿ ಒಂದೊಂದು ಹೆಸರು. ನೂರಕ್ಕೂ ಜಾಸ್ತಿ ಹೆಸರಿದ್ದವು, ಒಂದೂ ಹೆಣ್ಣಿನದಲ್ಲ. ನಿಮ್ಮ ಪರದಾದಾ ಒಬ್ಬರೇ ಬಂದಿದ್ದರೆ ಮದುವೆ ಆದದ್ದು ಇಲ್ಲಿಯ ಹೆಣ್ಣುಮಗಳನ್ನೇ ಅಲ್ವಾ? ಆ ಪರದಾದಿ ಯಾರು, ಆಳಂದದವರೋ ಶಹಾಬಾದಿನವರೋ, ಹೆಸರೇನು, ಎಲ್ಲಿ ಮಣ್ಣಾದರು, ಇದು ಫುಪ್ಪುವಿಗೆ ಗೊತ್ತಿರಲಿಕ್ಕಿಲ್ಲ. ಅವರಿಗೂ ಆಕೆ ಅಜ್ಜಿಯೇ. ಈ ಭಾನುವಾರವೇ ಅಬ್ಬಾನ ಪಕ್ಕ ಕೂತು, ಫೋನ್‌ನಲ್ಲಿ ರೆಕಾರ್ಡ್ ಹಚ್ಚಿ, ಎಲ್ಲ ಅಜ್ಜಿಯರ ಹೆಸರು ಕೇಳಿ ಬರೆದುಕೊಳ್ಳಿ. ಅರಬ್ಬಿ ಓದೋಕೆ ಬರೋರಿಂದ ಬರೆಸಿ ಒಯ್ಯಿರಿ. ಅವರ ಶಜರಾದಲ್ಲಿ ಇಲ್ಲದ ಅರ್ಧ ನಿಮ್ಮ ಹತ್ತಿರ ಇದೆ.

ಭಾಷೆಗೆ ಒಬ್ಬ ಹುಡುಗನನ್ನು ಗೊತ್ತು ಮಾಡಿ. ಸಲಾಲಾದಲ್ಲಿ ಅರಬ್ಬಿ, ಹಿಂದಿ ಎರಡೂ ಬರೋ ಮಲಯಾಳಿ ಅಂಗಡಿಯವರು ಸಿಗ್ತಾರೆ. ಆದರೆ ಮೊದಲ ದಿನ ಬೇಡ. ಮೊದಲ ದಿನ ಇಬ್ಬರೂ ಅಳಲಿ.

ಪ್ರಶ್ನೆ: ನಮ್ಮದು ಯಾದಗಿರಿ ಹತ್ತಿರದ ಹಳ್ಳಿ. ಮಗ ಸೊಸೆ ಅಮೆರಿಕದಲ್ಲಿದ್ದಾರೆ, ಇಬ್ಬರದೂ ಭಾರತದ ಪಾಸ್‌ಪೋರ್ಟ್. ಮೊಮ್ಮಗಳು ಅಲ್ಲೇ ಹುಟ್ಟಿದವಳು. ಮುಂದಿನ ಬೇಸಿಗೆಗೆ ಮೊದಲ ಸಲ ಊರಿಗೆ ಬರ್ತಾಳೆ. ಅವಳಿಗೆ ವೀಸಾ ಬೇಕಾ? ನನ್ನ ಹೊಲ ಮುಂದೆ ಅವಳಿಗೆ ಬರುತ್ತಾ?
– ಒಬ್ಬ ಅಜ್ಜ, ಯಾದಗಿರಿ

ಉತ್ತರ: ಅಜ್ಜಾರೇ, ಅವಳು ಅಮೆರಿಕದ ಪ್ರಜೆ, ಹಾಗಾಗಿ ವೀಸಾ ಅಥವಾ ಓಸಿಐ ಕಾರ್ಡ್ (ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರು ವೀಸಾ ಇಲ್ಲದೆ ಬಂದುಹೋಗೋಕೆ ಕೊಡೋ ಕಾರ್ಡ್) ಬೇಕು. ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದರೂ ಮಗುವಿಗೆ ಓಸಿಐ ಸಿಗುತ್ತೆ. ಈಗಲೇ ಅರ್ಜಿ ಹಾಕೋಕೆ ಮಗನಿಗೆ ಹೇಳಿ, ವಾರಗಟ್ಟಲೆ ಹಿಡಿಯುತ್ತೆ. ಹೊತ್ತಿಗೆ ಬರದಿದ್ದರೆ ಈ ಸಲಕ್ಕೆ ಇ-ಟೂರಿಸ್ಟ್ ವೀಸಾ ಸಾಕು. ಹೊಲದ ವಿಷಯ: ಓಸಿಐ ಇರೋರು ಇಲ್ಲಿ ಹೊಲ ಕೊಳ್ಳೋ ಹಾಗಿಲ್ಲ, ಆದರೆ ಹಿರಿಯರಿಂದ ವಾರಸುದಾರಿಕೆಯಲ್ಲಿ ಬಂದರೆ ಅಡ್ಡಿ ಇಲ್ಲ. ಪಹಣಿ ನಿಮ್ಮ ತಂದೆಯ ಹೆಸರಲ್ಲೇ ಉಳಿದಿದ್ದರೆ ಅವಳು ಬರೋ ಮುಂಚೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಬಂದ ದಿನ ಹೊಲಕ್ಕೆ ಕರೆದುಕೊಂಡು ಹೋಗಿ, ಬದು ಎಲ್ಲಿಂದ ಎಲ್ಲಿಗೆ ಅಂತ ನಡೆಸಿ ತೋರಿಸಿ. ಬೇಸಿಗೆ ಅಂದಿರಿ, ನಮ್ಮ ಕಡೆ ಮೇ ಬಿಸಿಲು ಆ ಮಗುವಿಗೆ ಹೊಸದು, ಏಳು ಗಂಟೆ ಒಳಗೇ ಹೋಗಿ ಬನ್ನಿ.