ಓದುಗರ ಪ್ರಶ್ನೆ: ಹೊಟ್ಟೆಯ ಸುದ್ದಿ ತಲೆಗೆ ಮುಟ್ಟುವ ಬಗೆ

ಕರುಳಿಗೂ ಮಿದುಳಿಗೂ ಇರುವ ನಂಟಿನ ಬಗ್ಗೆ ಈಚೆಗೆ ದಾವಣಗೆರೆಯಲ್ಲಿ ಒಂದು ಸಂಜೆ ಸಾರ್ವಜನಿಕ ಉಪನ್ಯಾಸ ನಡೆಯಿತು. ಕೇಳಿಬಂದವರು ಬರೆದ ಪತ್ರಗಳಲ್ಲಿ ಐದನ್ನು ಆರಿಸಿದ್ದೇವೆ. ಉತ್ತರ ಕೊಟ್ಟವರು ಜೀರ್ಣಾಂಗ ಮತ್ತು ನರರೋಗ ವೈದ್ಯರು.

ಮನಸ್ಸನ್ನು ಗೆಲುವಾಗಿಡುವ ಸೆರೊಟೋನಿನ್‌ನಲ್ಲಿ ನೂರಕ್ಕೆ 90 ಪಾಲು ಕರುಳಿನಲ್ಲೇ ಇರುತ್ತದೆ ಎಂದರು. ಹಾಗಾದರೆ ಬಾಳೆಹಣ್ಣು ತಿಂದು ಬೇಸರ ಕಳೆಯಬಹುದೇ?
— ವಿದ್ಯಾನಗರ, ದಾವಣಗೆರೆ

ಲೆಕ್ಕ ಸರಿ, ತೀರ್ಮಾನ ತಪ್ಪು. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆಗೋಡೆಯಿದೆ, ಕರುಳಿನ ಸೆರೊಟೋನಿನ್ ಅದನ್ನು ದಾಟುವುದಿಲ್ಲ. ಮಿದುಳು ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳುತ್ತದೆ. ಬಾಳೆಹಣ್ಣಿನಲ್ಲಿರುವ ಸೆರೊಟೋನಿನ್ನಿಗೂ ಅದೇ ಗತಿ.

ಕರುಳಿನಲ್ಲಿ ಅದರ ಕೆಲಸವೇ ಬೇರೆ. ಆಹಾರ ಬಂದು ಒಳಗೋಡೆಯನ್ನು ಒತ್ತಿದಾಗ ಅಲ್ಲಿನ ಕೋಶಗಳು ಸೆರೊಟೋನಿನ್ ಸುರಿಸುತ್ತವೆ, ಪಕ್ಕದ ನರಗಳು ಎಚ್ಚೆತ್ತು ಆಹಾರವನ್ನು ಮುಂದಕ್ಕೆ ತಳ್ಳಿಸುತ್ತವೆ. ಅದೇ ಸುದ್ದಿ ಮಿದುಳಿನಿಂದ ಹೊಟ್ಟೆಯವರೆಗೆ ಚಾಚಿರುವ ವೇಗಸ್ ನರದ ಮೂಲಕ ಮೇಲಕ್ಕೂ ಹೋಗುತ್ತದೆ. ಆ ನರದ ಎಳೆಗಳಲ್ಲಿ ನೂರಕ್ಕೆ ಸುಮಾರು 80 ಪಾಲು ಮಿದುಳಿಗೆ ವರದಿ ಒಪ್ಪಿಸುವವೇ, ಅಪ್ಪಣೆ ಹೊತ್ತು ಕೆಳಗಿಳಿಯುವವು ಕಡಿಮೆ. ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡವರಿಗೆ ವಾಂತಿಯಾಗುವುದೂ ಹೀಗೆ: ಔಷಧಿ ತಾಗಿ ಕರುಳಿನ ಕೋಶಗಳು ಸೆರೊಟೋನಿನ್ನನ್ನು ಒಮ್ಮೆಲೇ ಚೆಲ್ಲುತ್ತವೆ, ವೇಗಸ್ ಕೂಗು ಹಾಕುತ್ತದೆ, ಮಿದುಳು ವಾಂತಿ ಮಾಡಿಸುತ್ತದೆ. ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಮಾತ್ರೆ ಮುಖ್ಯವಾಗಿ ಅಡ್ಡಗಟ್ಟುವುದು ಈ ಕೂಗನ್ನೇ.

ಹಿಟ್ಟು ಹುಳಿ ಬಂದಿರುತ್ತದಲ್ಲ, ಬೆಣ್ಣೆ ದೋಸೆಯನ್ನೂ ಪ್ರೋಬಯಾಟಿಕ್ ಎನ್ನಬಹುದೇ?
— ಪಿ.ಜೆ. ಬಡಾವಣೆ

ಪ್ರೋಬಯಾಟಿಕ್ ಎಂದರೆ ಮೈಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ. ಹಿಟ್ಟಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುವುದು ನಿಜ, ಅದರಲ್ಲಿ ಲ್ಯೂಕೊನೊಸ್ಟಾಕ್ ಮುಖ್ಯವಾದದ್ದು. ಕಾದ ಹೆಂಚಿನ ಮೇಲೆ ಅವು ಉಳಿಯುವುದಿಲ್ಲ. ಕುದಿಸಿದ ಮಜ್ಜಿಗೆ ಹುಳಿಯೂ ಅಷ್ಟೇ. ದೋಸೆಯನ್ನು ರುಚಿಗೆ ತಿನ್ನಿ. ಜೀವಂತ ಬ್ಯಾಕ್ಟೀರಿಯಾ ಬೇಕಿದ್ದರೆ ಕುದಿಸದ ಮಜ್ಜಿಗೆ ಇದ್ದೇ ಇದೆ.

ಮಗಳಿಗೆ 20 ವರ್ಷ, ಇಂಜಿನಿಯರಿಂಗ್ ಓದುತ್ತಿದ್ದಾಳೆ. ಪರೀಕ್ಷೆ ಬಂತೆಂದರೆ ಹೊಟ್ಟೆ ನುಲಿಯುತ್ತದೆ, ಬೆಳಿಗ್ಗೆ ನಾಲ್ಕು ಸಲ ಶೌಚಕ್ಕೆ ಓಡುತ್ತಾಳೆ. ರಕ್ತ, ಸ್ಕ್ಯಾನ್ ಎಲ್ಲ ನಾರ್ಮಲ್. ಈಗ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ ಬರೆದಿದ್ದಾರೆ. ಮೆಡಿಕಲ್ ಶಾಪಿನವರು ಇದು ಖಿನ್ನತೆಯ ಮಾತ್ರೆ ಎಂದರು. ಅವಳಿಗೆ ತಲೆ ಕೆಟ್ಟಿಲ್ಲ ಸ್ವಾಮಿ.
— ಹರಿಹರ

ಕೆಟ್ಟಿಲ್ಲ ನಿಜ. ಹಾಗೆಂದು ಅವಳ ನೋವು ಸುಳ್ಳೂ ಅಲ್ಲ. ಇದು ಐ.ಬಿ.ಎಸ್. (ಇರಿಟೇಬಲ್ ಬವೆಲ್ ಸಿಂಡ್ರೋಮ್, ಅಂದರೆ ಕರುಳಿನ ಅತಿಸೂಕ್ಷ್ಮತೆ) ಇರುವಂತಿದೆ. ಇಂಥವರ ಗುದನಾಳದಲ್ಲಿ ಸಣ್ಣ ಬಲೂನು ಇಟ್ಟು ಗಾಳಿ ತುಂಬಿ ನೋಡಿದ್ದಾರೆ. ಉಳಿದವರಿಗೆ ಬರೀ ತುಂಬಿದಂತೆ ಅನಿಸುವ ಹಂತದಲ್ಲೇ ಇವರಲ್ಲಿ ಅನೇಕರಿಗೆ ನೋವು ಶುರುವಾಗುತ್ತದೆ. ಕರುಳಿನಿಂದ ಬರುವ ಮಾಮೂಲಿ ಸುದ್ದಿಯನ್ನೇ ನರಗಳು ದೊಡ್ಡದು ಮಾಡಿ ಹೇಳುತ್ತಿರುತ್ತವೆ. ಸ್ಕ್ಯಾನಿನಲ್ಲಿ ಕಾಣುವ ವಿಷಯವಲ್ಲ ಇದು. ‘ಎಲ್ಲ ನಾರ್ಮಲ್, ಸುಮ್ಮನೆ ಟೆನ್ಶನ್’ ಎಂದು ಕೈತೊಳೆದುಕೊಳ್ಳುವುದು ಅರ್ಧ ಚಿಕಿತ್ಸೆ.

ಖಿನ್ನತೆಗೆ ಈ ಔಷಧಿಯನ್ನು ಸಾಮಾನ್ಯವಾಗಿ 75 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕೊಡುತ್ತಾರೆ. ಹತ್ತು ಮಿ.ಗ್ರಾಂನಲ್ಲಿ ಅದು ನೋವಿನ ನರಗಳ ಸದ್ದನ್ನು ತಗ್ಗಿಸುತ್ತದೆ, ಕರುಳಿನ ಓಟವನ್ನು ನಿಧಾನ ಮಾಡುತ್ತದೆ. ಬ್ರಿಟನ್ನಿನಲ್ಲಿ 463 ಐ.ಬಿ.ಎಸ್. ರೋಗಿಗಳ ಮೇಲೆ 10ರಿಂದ 30 ಮಿ.ಗ್ರಾಂ ಪ್ರಮಾಣದಲ್ಲಿ ಪರೀಕ್ಷಿಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳಿಗೆ ಔಷಧಿಯಿಲ್ಲದ ಹುಸಿಮಾತ್ರೆಗಿಂತ ಇದು ಮೇಲೆಂದು ಕಂಡಿತು. ರಾತ್ರಿ ಮಲಗುವ ಒಂದೆರಡು ತಾಸು ಮೊದಲು ತೆಗೆದುಕೊಂಡರೆ ಬೆಳಿಗ್ಗೆಯ ಮಂಪರು ಕಡಿಮೆ. ಬಾಯಿ ಒಣಗಬಹುದು. ನಾಲ್ಕೇ ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡುವವರೇ ಹೆಚ್ಚು. ಗುಣ ಕಾಣಲು ಮೂರು–ನಾಲ್ಕು ವಾರ ಬೇಕು. ಬೇರೆ ಮಾತ್ರೆಗಳಿದ್ದರೆ, ಹೃದಯದ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಜೊತೆಗೆ ಇಸಬ್‌ಗೋಲ್ ಹೊಟ್ಟು: ಒಂದು ಟೀ ಚಮಚ, ಪೂರ್ತಿ ಒಂದು ಲೋಟ ನೀರಿಗೆ ಕಲಸಿ ಉಬ್ಬುವ ಮೊದಲೇ ಕುಡಿಯಬೇಕು. ಒಗ್ಗಿದರೆ ವಾರದ ನಂತರ ದಿನಕ್ಕೆರಡು ಸಲ. ಅರ್ಧ ಗುಟುಕು ನೀರಿನಲ್ಲಿ ನುಂಗಿದರೆ ಗಂಟಲಲ್ಲೇ ಕಟ್ಟಿಕೊಂಡೀತು. ಗೋಧಿ ಹೊಟ್ಟು ಬೇಡ, ಅದು ಗ್ಯಾಸು, ನೋವು ಎರಡನ್ನೂ ಹೆಚ್ಚಿಸುತ್ತದೆ. ತಿಂಡಿ ಹೊಟ್ಟೆಗೆ ಬಿದ್ದೊಡನೆ ದೊಡ್ಡ ಕರುಳು ಹಿಂಡುವುದು ಎಲ್ಲರಲ್ಲೂ ಇರುವ ಸಹಜ ಕ್ರಿಯೆ. ಆದ್ದರಿಂದ ಪರೀಕ್ಷೆಯ ದಿನ ಒಂದು ತಾಸು ಬೇಗ ಎದ್ದು ತಿಂಡಿ ಮುಗಿಸಲಿ, ಕಾಫಿ ಬಿಡಲಿ. ಬಸ್ ಸ್ಟಾಂಡಿನಲ್ಲಿ ಗಬಗಬ ತಿಂದು ಪರೀಕ್ಷೆಯ ಕೋಣೆಗೆ ಹೋದರೆ ಹಿಂಡಿಕೆ ಸರಿಯಾಗಿ ಪ್ರಶ್ನೆಪತ್ರಿಕೆಯ ಹೊತ್ತಿಗೆ ಬರುತ್ತದೆ!

ಮಲದಲ್ಲಿ ರಕ್ತ, ತೂಕ ಇಳಿಕೆ, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ: ಇವುಗಳಲ್ಲಿ ಒಂದಿದ್ದರೂ ಇದು ಐ.ಬಿ.ಎಸ್. ಎಂದುಕೊಂಡು ಕೂರಬಾರದು.

ನಮ್ಮಪ್ಪನಿಗೆ ಲಿವರ್ ಸಿರೋಸಿಸ್. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ, ಹೇಳಿದ್ದನ್ನೇ ಹೇಳುತ್ತಾರೆ. ಲ್ಯಾಕ್ಟುಲೋಸ್ ಸಿರಪ್ ಕೊಟ್ಟಿದ್ದರು. ಮಲ ಸರಾಗವಾಗಿ ಆಗುತ್ತಿದೆಯಲ್ಲ ಎಂದು ನಿಲ್ಲಿಸಿದೆವು. ನಿದ್ದೆ ಮಾತ್ರೆ ಕೊಡಬಹುದೇ?
— ಚನ್ನಗಿರಿ

ಕೊಡಲೇಬೇಡಿ. ಸಿರಪ್ಪನ್ನು ಇವತ್ತೇ ಮತ್ತೆ ಶುರುಮಾಡಿ, ವೈದ್ಯರಿಗೂ ತಿಳಿಸಿ.

ಹೊಟ್ಟೆ ತಲೆಯನ್ನು ಆಳುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಉಪನ್ಯಾಸಗಳಲ್ಲಿ ಇದರ ಪ್ರಸ್ತಾಪವೇ ಕಡಿಮೆ, ಅದೊಂದು ವಿಚಿತ್ರ. ಕರುಳಿನ ಬ್ಯಾಕ್ಟೀರಿಯಾ ಅಮೋನಿಯಾ ಉತ್ಪತ್ತಿ ಮಾಡುತ್ತವೆ. ಆರೋಗ್ಯವಂತ ಲಿವರ್ ಅದನ್ನು ಯೂರಿಯಾ ಮಾಡಿ ಹೊರಹಾಕುತ್ತದೆ. ಸಿರೋಸಿಸ್‌ನಿಂದ ಲಿವರ್ ಸೋತರೆ ಅಮೋನಿಯಾ ನೇರ ಮಿದುಳಿಗೆ ಹೋಗಿ ಮಂಕು ಕವಿಸುತ್ತದೆ. ಲ್ಯಾಕ್ಟುಲೋಸ್ ಕರುಳಿನೊಳಗೆ ಹುಳಿಯಾಗಿ ಅಮೋನಿಯಾವನ್ನು ಅಲ್ಲೇ ಹಿಡಿದು ಮಲದೊಂದಿಗೆ ಕಳಿಸುತ್ತದೆ. ಆದ್ದರಿಂದ ಅದನ್ನು ಬರೀ ಮಲಬದ್ಧತೆಯ ಔಷಧಿ ಎಂದುಕೊಳ್ಳಬೇಡಿ.

ಸಾಮಾನ್ಯವಾಗಿ 15ರಿಂದ 30 ಮಿ.ಲೀ., ದಿನಕ್ಕೆ ಎರಡು–ಮೂರು ಸಲ. ಚಮಚದ ಲೆಕ್ಕಕ್ಕಿಂತ ಮಲದ ಲೆಕ್ಕ ಮುಖ್ಯ: ದಿನಕ್ಕೆ ಎರಡು–ಮೂರು ಸಲ ಮೆತ್ತಗೆ ಆಗಬೇಕು. ಒಂದಕ್ಕಿಳಿದರೆ ಸಿರಪ್ ಹೆಚ್ಚಿಸಿ. ನೀರಾಗಿ ಐದಾರು ಸಲ ಹೋದರೆ ಕಡಿಮೆ ಮಾಡಿ, ಏಕೆಂದರೆ ಮೈನೀರು ಬತ್ತಿ ಪೊಟ್ಯಾಸಿಯಂ ಇಳಿದರೂ ಮಂಕು ಕವಿಯುತ್ತದೆ.

ದಿನಾ ಬೆಳಿಗ್ಗೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಅಪ್ಪನಿಂದ ಸಹಿ ಹಾಕಿಸಿ. ಅಕ್ಷರ ಒಡೆಯತೊಡಗಿದರೆ, ಸಹಿ ಗೆರೆ ದಾಟಿ ಜಾರಿದರೆ, ಮಾತು ತೊದಲುವ ಮೊದಲೇ ನಿಮಗೆ ಸೂಚನೆ ಸಿಗಬಹುದು. ಎರಡೂ ಕೈ ಮುಂದೆ ಚಾಚಿ, ‘ನಿಲ್ಲು’ ಎನ್ನುವಂತೆ ಅಂಗೈ ಎತ್ತಿ ಹಿಡಿಯಲು ಹೇಳಿ. ಹಕ್ಕಿ ರೆಕ್ಕೆ ಬಡಿದಂತೆ ಮಣಿಕಟ್ಟು ಕುಸಿದು ಕುಸಿದು ಎದ್ದರೆ, ಅಥವಾ ಎಬ್ಬಿಸಿದರೂ ಏಳದಿದ್ದರೆ, ವಾಂತಿ–ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ. ಬೇಳೆ, ಮೊಸರು ನಿಲ್ಲಿಸಬೇಡಿ. ಪ್ರೋಟೀನ್ ಬಿಡಿಸುವ ಪದ್ಧತಿ ಹಳತಾಯಿತು, ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಬೇಕು. ಮಲಗುವ ಮುನ್ನ ಏನಾದರೂ ತಿನ್ನಲಿ. ಬೈಕು ಮುಟ್ಟಕೂಡದು.

62 ವರ್ಷ, ಸಸ್ಯಾಹಾರಿ. ಹತ್ತು ವರ್ಷದಿಂದ ಶುಗರಿಗೆ ಮೆಟ್‌ಫಾರ್ಮಿನ್, ದಿನಾ ಗ್ಯಾಸ್ಟ್ರಿಕ್ ಮಾತ್ರೆ. ಈಗ ಮರೆವು, ಅಂಗಾಲುರಿ. ಮಿದುಳಿಗೆ ಒಳ್ಳೆಯದೆಂದು ಪ್ರೋಬಯಾಟಿಕ್ ಕ್ಯಾಪ್ಸೂಲ್ ತಂದಿದ್ದೇನೆ.
— ಜಗಳೂರು

ಅದನ್ನು ಪಕ್ಕಕ್ಕಿಡಿ. ಒಂದು ಲ್ಯಾಕ್ಟೊಬ್ಯಾಸಿಲಸ್ ತಳಿ ಇಲಿಗಳ ಅಂಜಿಕೆ ತಗ್ಗಿಸಿತೆಂದು 2011ರಲ್ಲಿ ದೊಡ್ಡ ಸುದ್ದಿಯಾಯಿತು, ವೇಗಸ್ ನರ ಕತ್ತರಿಸಿದರೆ ಆ ಗುಣ ಹೋಗುತ್ತಿತ್ತು. ಅದೇ ತಳಿಯನ್ನು ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದಾಗ ಹುಸಿಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ ಎಂದು 2017ರಲ್ಲಿ ವರದಿಯಾಯಿತು. ಡಬ್ಬಿಗಳ ಮೇಲೆ ಮೊದಲ ಕಥೆಯಷ್ಟೇ ಇರುತ್ತದೆ.

ನೀವು ನೋಡಿಸಬೇಕಾದ್ದು ವಿಟಮಿನ್ ಬಿ12. ಸಸ್ಯಾಹಾರದಲ್ಲಿ ಅದು ಹಾಲು–ಮೊಸರಿನಿಂದ ಬರುವಷ್ಟೇ. ಆಹಾರದಿಂದ ಅದನ್ನು ಬಿಡಿಸಲು ಜಠರದ ಆಮ್ಲ ಬೇಕು, ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ಟ್ರಿಕ್ ಮಾತ್ರೆ ಆ ಆಮ್ಲವನ್ನೇ ತಗ್ಗಿಸುತ್ತದೆ. ಸಣ್ಣ ಕರುಳಿನ ಕೊನೆಯಲ್ಲಿ ಬಿ12 ಮೈಸೇರುವುದನ್ನು ಮೆಟ್‌ಫಾರ್ಮಿನ್ ಕಡಿಮೆ ಮಾಡುತ್ತದೆ. ಮೂರೂ ಕಡೆಯಿಂದ ಕೊರತೆ. ಅಂಗಾಲುರಿಗೆ ಶುಗರೂ ಕಾರಣವಿರಬಹುದು. ಬಿ12 ಕೊರತೆ ಸರಿಪಡಿಸಬಹುದಾದದ್ದು, ಆದರೆ ತಡವಾದರೆ ನರದ ಹಾನಿ ಪೂರ್ತಿ ವಾಪಸಾಗದು.

ರಕ್ತದಲ್ಲಿ ಬಿ12 ಮಿ.ಲೀ.ಗೆ 200 ಪಿಕೊಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನಬಹುದು. 200–300ರ ನಡುವೆ ಇದ್ದರೆ ಇನ್ನೊಂದು ಪರೀಕ್ಷೆ ಹೇಳುತ್ತಾರೆ. ಫೋಲಿಕ್ ಆಸಿಡ್ ಒಂದನ್ನೇ ನುಂಗಬೇಡಿ. ರಕ್ತ ಸುಧಾರಿಸಿದಂತೆ ಕಂಡು ನರ ಒಳಗೇ ಹಾಳಾಗುತ್ತಿರುತ್ತದೆ. ಮೆಟ್‌ಫಾರ್ಮಿನ್ ನಿಮ್ಮಷ್ಟಕ್ಕೆ ಬಿಡಬೇಡಿ. ಗ್ಯಾಸ್ಟ್ರಿಕ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಕೆಲವು ದಿನ ಎದೆಯುರಿ ದುಪ್ಪಟ್ಟಾಗಿ ಬಂದೀತು, ವೈದ್ಯರನ್ನು ಕೇಳಿ ಹಂತಹಂತವಾಗಿ ಇಳಿಸಿ. ಪರೀಕ್ಷೆಗೆ ರಕ್ತ ಕೊಡುವುದು ಮೊದಲ ಬಿ12 ಇಂಜೆಕ್ಷನ್‌ಗೂ ಮುಂಚೆ ಆಗಬೇಕು. ಸೂಜಿ ಹಾಕಿಸಿಕೊಂಡು ಮರುವಾರ ಹೋದರೆ ವರದಿಯಲ್ಲಿ ಸಾವಿರ ದಾಟಿದ ಅಂಕಿ ಬರಬಹುದು, ಅದರಿಂದ ಏನೂ ತಿಳಿಯುವುದಿಲ್ಲ.