ತಪ್ಪೆಲ್ಲ ಮೆಡಿಕಲ್ಸ್ ಮುಂದೆ ನಿಂತವನದ್ದೇ, ಮೇಷ್ಟ್ರೇ?

ಓದುಗರ ಪತ್ರ: ‘ಇವತ್ತು ಜಗತ್ತಿಗೆ ಮೂರು ಅಪಾಯ. ಯುದ್ಧ, ಬೆಲೆ ಏರಿಕೆ, ರೋಗ. ಮೊದಲ ಎರಡು ದೊಡ್ಡವರ ಆಟ, ನಮ್ಮ ಕೈಯಲ್ಲಿಲ್ಲ. ಮೂರನೆಯದು ಮಾತ್ರ ಜನರೇ ಮೈಮೇಲೆ ಎಳೆದುಕೊಂಡದ್ದು. ಡಾಕ್ಟರ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ನುಂಗುತ್ತಾರೆ. ಎರಡು ದಿನಕ್ಕೆ ಬಿಡುತ್ತಾರೆ. ಈಗ ಯಾವ ಔಷಧಿಯೂ ನಾಟುತ್ತಿಲ್ಲ ಅಂತ ಗೋಳಾಡಿದರೆ ಏನು ಬಂತು? ಇಂಥವರಿಗೆ ನಿಮ್ಮ ಪತ್ರಿಕೆ ಸರಿಯಾಗಿ ಬುದ್ಧಿ ಹೇಳಬಾರದೇ?’
– ಒಬ್ಬ ನಿವೃತ್ತ ಶಿಕ್ಷಕರು, ತಿಪಟೂರು

ಮೇಷ್ಟ್ರೇ, ನಮಸ್ಕಾರ. ಬಂದ ಕಾಗದಗಳಲ್ಲಿ ನಿಮ್ಮದನ್ನು ಮೊದಲು ಎತ್ತಿಕೊಂಡೆ. ಯುದ್ಧದ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಔಷಧಿ ನಾಟದೇ ಹೋಗುವುದನ್ನು ಅದರ ಪಕ್ಕದಲ್ಲೇ ಇಟ್ಟು ನೋಡಿದವರು ನೀವು. ಅದಕ್ಕೆ ಶಹಬ್ಬಾಸ್ ಹೇಳಲೇಬೇಕು.

ನಿಮ್ಮ ಮಾತಿನಲ್ಲಿ ನಿಜವಿಲ್ಲ ಎನ್ನುವುದಿಲ್ಲ. ನೆಗಡಿ ಬರುವುದು ವೈರಸ್‌ನಿಂದ. ಆ್ಯಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ವೈರಸ್ಸನ್ನಲ್ಲ. ನೆಗಡಿಗೆ ಅದನ್ನು ನುಂಗಿದರೆ ಸುಮ್ನೆ ದಂಡ. ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಆ ಔಷಧಿಯ ಪರಿಚಯ ಮಾಡಿಕೊಟ್ಟಂತಾಗುತ್ತದೆ, ಅಷ್ಟೇ. ಒಪ್ಪಿದೆ. ಆದರೆ ‘ಜನರೇ ಎಳೆದುಕೊಂಡದ್ದು’ ಅಂದಿರಲ್ಲ, ಅದನ್ನು ಒಪ್ಪಲಾರೆ.

ಈ ಆರೋಪ ಹಳೆಯದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ ಇದನ್ನು ಮಾಡಿದ್ದರು. 1945ರಲ್ಲಿ ನೊಬೆಲ್ ಭಾಷಣದಲ್ಲಿ ಒಂದು ಕಥೆ ಹೇಳಿದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು, ಸಾಕಾಗದಷ್ಟು ತೆಗೆದುಕೊಳ್ಳುತ್ತಾನೆ. ರೋಗಾಣು ಸಾಯುವುದಿಲ್ಲ, ಔಷಧಿಯನ್ನೇ ತಡೆದುಕೊಳ್ಳುವುದನ್ನು ಕಲಿಯುತ್ತದೆ. ಅದು ಹೆಂಡತಿಗೆ ಅಂಟಿ ನ್ಯುಮೋನಿಯಾ ಆಗುತ್ತದೆ. ಅವಳಿಗೆ ಪೆನಿಸಿಲಿನ್ ನಾಟುವುದಿಲ್ಲ, ಸಾಯುತ್ತಾಳೆ. ಯಾರು ಹೊಣೆ? ಗಂಡನೇ ಅಂದರು ಫ್ಲೆಮಿಂಗ್. ಅವರ ಎಚ್ಚರಿಕೆ ನಿಜವಾಯಿತು. ಆದರೆ ಅಂದಿನಿಂದ ಇಂದಿನವರೆಗೆ ಎಲ್ಲರ ಬೆರಳೂ ಆ ಗಂಡನ ಕಡೆಗೇ ತಿರುಗಿದೆ.

ಆ ಗಂಡನನ್ನು ನಾನು ಮೊನ್ನೆ ಮೆಡಿಕಲ್ಸ್‌ನಲ್ಲಿ ನೋಡಿದೆ. ಗಾರೆ ಕೆಲಸದವನು, ಕಾಲಿನ ಮೇಲೆ ಸಿಮೆಂಟ್ ಇನ್ನೂ ಒಣಗಿರಲಿಲ್ಲ. ‘ಮೂರು ದಿನದಿಂದ ಜ್ವರ ಅಣ್ಣ, ನಾಳೆ ಕೆಲಸಕ್ಕೆ ಹೋಗ್ಬೇಕು, ಸ್ವಲ್ಪ ಸ್ಟ್ರಾಂಗ್ ಆಗಿರೋದು ಕೊಡಿ’ ಅಂದ. ಅಂಗಡಿಯವನು ಚೀಟಿ ಕೇಳಲಿಲ್ಲ. ಡ್ರಾಯರ್‌ನಿಂದ ಸ್ಟ್ರಿಪ್ ತೆಗೆದು ಕತ್ತರಿಯಿಂದ ನಾಲ್ಕು ಮಾತ್ರೆ ಕತ್ತರಿಸಿದ. ಹೆಸರು, ಎಕ್ಸ್‌ಪೈರಿ ತಾರೀಖು ಇದ್ದ ತುಂಡು ಡ್ರಾಯರ್‌ನಲ್ಲೇ ಉಳಿಯಿತು. ಜೊತೆಗೊಂದು ಗ್ಯಾಸ್ಟ್ರಿಕ್ ಮಾತ್ರೆ ಹಾಕಿ ಪೇಪರ್ ಕವರ್ ಮಡಚಿ ಕೊಟ್ಟ. ಇವನು ಮೊದಲನೆಯದನ್ನು ಅಲ್ಲೇ ನುಂಗಿ, ಬಾಟಲಿ ನೀರು ಕುಡಿದು ಹೊರಟ.

ಅವನ ಲೆಕ್ಕ ಹಾಕಿ ನೋಡಿ. ಡಾಕ್ಟರ ಹತ್ತಿರ ಹೋದರೆ ಫೀಸು. ಅವರು ರಕ್ತ ಪರೀಕ್ಷೆ ಬರೆದರೆ ಅದಕ್ಕೆ ಬೇರೆ. ಸರ್ಕಾರಿ ಆಸ್ಪತ್ರೆಯ ಕ್ಯೂನಲ್ಲಿ ನಿಂತರೆ ಒಂದು ದಿನದ ಕೂಲಿ ಹೋಯಿತು. ಅವನು ದಡ್ಡನಲ್ಲ ಮೇಷ್ಟ್ರೇ. ಕೈಯಲ್ಲಿದ್ದ ದುಡ್ಡಿಗೆ ಸಿಕ್ಕ ಚಿಕಿತ್ಸೆ ಅದು. ಅವನಿಗೆ ಏನಂತ ಬುದ್ಧಿ ಹೇಳಲಿ?

ಬುದ್ಧಿ ಹೇಳಬೇಕಾದವರು ಬೇರೆ ಇದ್ದಾರೆ. ಹೈದರಾಬಾದ್ ಹತ್ತಿರ ಪಟಾನ್‌ಚೆರು ಅಂತ ಒಂದು ಜಾಗ. ಅಲ್ಲಿ ಸುಮಾರು 90 ಔಷಧಿ ಕಾರ್ಖಾನೆಗಳ ಕೊಳಕು ನೀರನ್ನು ಒಂದೇ ಘಟಕದಲ್ಲಿ ಶುದ್ಧ ಮಾಡಿ ಬಿಡುತ್ತಿದ್ದರು. ಹಾಗೆ ‘ಶುದ್ಧ’ವಾಗಿ ಹೊರಬಂದ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷೆ ಮಾಡಿ, 2007ರಲ್ಲಿ ವರದಿ ಪ್ರಕಟಿಸಿದರು. ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಅನ್ನುವ ಆ್ಯಂಟಿಬಯೋಟಿಕ್! ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಆ ನೀರು ಹಳ್ಳಕ್ಕೆ ಸೇರಿ ಮುಂದೆ ಹೊಳೆಗೆ ಹೋಗುತ್ತಿತ್ತು. ಅಂಥ ನೀರಿನಲ್ಲಿರುವ ಬ್ಯಾಕ್ಟೀರಿಯಾಗಳೂ ಔಷಧಿಗೆ ಬಗ್ಗದಿರುವುದನ್ನು ಕಲಿಯುತ್ತವೆ. ಗಾರೆ ಕೆಲಸದವನ ನಾಲ್ಕು ಮಾತ್ರೆ ಎಲ್ಲಿ, ಈ ಹೊಳೆ ಎಲ್ಲಿ! 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಾರ್ಖಾನೆ ನೀರಿನಲ್ಲಿ ಆ್ಯಂಟಿಬಯೋಟಿಕ್ ಎಷ್ಟು ಇರಬಹುದು ಅಂತ ಕರಡು ನಿಯಮ ಹೊರಡಿಸಿತು. ನಮಗೆಲ್ಲ ಖುಷಿಯಾಯಿತು. 2021ರಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಮಿತಿಗಳೇ ಅದರಲ್ಲಿರಲಿಲ್ಲ. ಇದು ರಾಜಕೀಯ ಅಲ್ವಾ?

ಕೊಲಿಸ್ಟಿನ್ ಕಥೆ ಕೇಳಿ. ಕಿಡ್ನಿಗೆ ಕೆಟ್ಟದ್ದು ಅಂತ ಡಾಕ್ಟರುಗಳು ಒಂದು ಕಾಲದಲ್ಲಿ ಮೂಲೆಗೆ ಇಟ್ಟಿದ್ದ ಆ್ಯಂಟಿಬಯೋಟಿಕ್. ಬೇರೆಲ್ಲ ಸೋತ ಮೇಲೆ ಐಸಿಯುನಲ್ಲಿ ಕೊನೆಯ ಅಸ್ತ್ರವಾಗಿ ವಾಪಸ್ ಬಂತು. ಅದೇ ಔಷಧಿಯನ್ನು ಕೋಳಿ ಬೇಗ ತೂಕ ಬರಲಿ ಅಂತ ಫೀಡ್‌ಗೆ ಬೆರೆಸುತ್ತಿದ್ದರು. ಬ್ಯಾಕ್ಟೀರಿಯಾ ಕೊಲಿಸ್ಟಿನ್‌ಗೆ ಬಗ್ಗದಂತೆ ಮಾಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್ ಚೀನಾದ ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಸಿಕ್ಕಿದೆ ಅನ್ನುವ ಸುದ್ದಿ ಬಂದದ್ದು 2015ರಲ್ಲಿ. ಭಾರತ ಅದನ್ನು ಪ್ರಾಣಿಗಳಿಗೆ ಕೊಡಬಾರದು ಅಂತ ನಿಷೇಧಿಸಿದ್ದು 2019ರಲ್ಲಿ. ಅಷ್ಟು ವರ್ಷ ಯಾರ ಲಾಭಕ್ಕೆ ಕಾದೆವು?

ಹೊಸ ಔಷಧಿ ಬರುತ್ತದೆ ಬಿಡಿ ಅನ್ನುವವರಿಗೂ ಒಂದು ಮಾತು. ಅಮೆರಿಕದಲ್ಲಿ ಅಕೇವೊಜೆನ್ ಅಂತ ಒಂದು ಕಂಪನಿ. ಬೇರೆ ಔಷಧಿಗೆ ಬಗ್ಗದ ಮೂತ್ರನಾಳದ ಸೋಂಕಿಗೆ ಪ್ಲಾಜೊಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ತಯಾರಿಸಿತು. 2018ರ ಜೂನ್‌ನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ! ಒಳ್ಳೆಯ ಆ್ಯಂಟಿಬಯೋಟಿಕ್ ಬಂದರೆ ಡಾಕ್ಟರು ಅದನ್ನು ಕಷ್ಟಕಾಲಕ್ಕೆ ಅಂತ ಎತ್ತಿಡುತ್ತಾರೆ. ಎತ್ತಿಟ್ಟರೆ ವ್ಯಾಪಾರ ಆಗುವುದಿಲ್ಲ. ಬಿ.ಪಿ., ಶುಗರ್ ಮಾತ್ರೆ ಆದರೆ ರೋಗಿ ಬದುಕಿರುವವರೆಗೂ ಕೊಳ್ಳುತ್ತಾನೆ, ಇದನ್ನು ವಾರಕ್ಕೆ ಬಿಡುತ್ತಾನೆ. ದೊಡ್ಡ ಕಂಪನಿಗಳು ಒಂದೊಂದಾಗಿ ಈ ಸಂಶೋಧನೆಯಿಂದ ಜಾಗ ಖಾಲಿ ಮಾಡಿದ್ದು ಇದಕ್ಕೇ. ಹಾಗಾದರೆ ಸರ್ಕಾರಗಳೇ ದುಡ್ಡು ಹಾಕಬೇಕು. ನಮ್ಮಲ್ಲಿ ಪುಣೆ ಪಕ್ಕದ ಪಿಂಪ್ರಿಯಲ್ಲಿ 1954ರಲ್ಲೇ ಸರ್ಕಾರಿ ಪೆನಿಸಿಲಿನ್ ಕಾರ್ಖಾನೆ ಕಟ್ಟಿದ್ದೆವು. ಬಡ ದೇಶ ಆಗ ಆ ಧೈರ್ಯ ಮಾಡಿತ್ತು. ಆಮೇಲೆ ಚೀನಾದಿಂದ ಅಗ್ಗದ ಕಚ್ಚಾ ಮಾಲು ಬಂತು ಅಂತ ಇಲ್ಲಿ ಮಾಡುವುದನ್ನೇ ಬಿಟ್ಟೆವು. ಕೊರೊನಾ ಬಂದು ಸರಬರಾಜು ನಿಂತೀತು ಅನ್ನುವ ಭಯ ಹುಟ್ಟಿದ ಮೇಲೆ ಮತ್ತೆ ನೆನಪಾಯಿತು.

ನೀವು ಹೇಳುವ ಯುದ್ಧವೂ ಇದರಿಂದ ದೂರ ಇಲ್ಲ. 2003ರ ನಂತರ ಇರಾಕ್‌ನಲ್ಲಿ ಗಾಯಗೊಂಡ ಅಮೆರಿಕದ ಸೈನಿಕರಿಗೆ ಆಸಿನೆಟೊಬ್ಯಾಕ್ಟರ್ ಸೋಂಕು ತಗಲಿತು. ಹಲವು ಔಷಧಿಗಳಿಗೆ ಬಗ್ಗದ ಬ್ಯಾಕ್ಟೀರಿಯಾ. ಅದು ಗಾಯಾಳುಗಳ ಜೊತೆಗೇ ಅವರ ದೇಶದ ಆಸ್ಪತ್ರೆಗಳವರೆಗೆ ಹೋಯಿತು. ಉಕ್ರೇನ್‌ನ ಗಾಯಾಳುಗಳಲ್ಲೂ ಇಂಥದ್ದೇ ಕಾಣುತ್ತಿದೆ. ನೀವು ಮೂರು ಅಪಾಯ ಅಂತ ಬೇರೆ ಬೇರೆ ಎಣಿಸಿದಿರಿ. ನನಗೆ ಮೂರೂ ಒಂದೇ ಐಸಿಯುನಲ್ಲಿ ಕಾಣುತ್ತವೆ.

2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ನೇರವಾಗಿ ಸತ್ತವರು ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಅಂತ 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನ ಅಂದಾಜು ಮಾಡಿತು. ಆ ವರ್ಷ ಮಲೇರಿಯಾದಿಂದ ಸತ್ತವರಿಗಿಂತ ಇದು ಜಾಸ್ತಿ. ಟಿವಿಯಲ್ಲಿ ಇದರ ಬಗ್ಗೆ ಒಂದು ರಾತ್ರಿಯಾದರೂ ಚರ್ಚೆ ನಡೆದದ್ದು ನೋಡಿದ್ದೀರಾ? 2010ರಲ್ಲಿ ಒಂದು ಗದ್ದಲ ಮಾತ್ರ ಆಗಿತ್ತು. ಔಷಧಿಯನ್ನು ಹಾಳುಮಾಡಲು ಬ್ಯಾಕ್ಟೀರಿಯಾ ತಯಾರಿಸುವ ಒಂದು ಹೊಸ ಕಿಣ್ವಕ್ಕೆ (ಎನ್‌ಜೈಮ್) ನವದೆಹಲಿಯ ಹೆಸರಿಟ್ಟರು ಅಂತ. ದೇಶದ ಮರ್ಯಾದೆ ಹೋಯಿತು ಅಂತ ಕೂಗಿದವರಲ್ಲಿ ನಮ್ಮ ಆಸ್ಪತ್ರೆಗಳ ಸ್ಥಿತಿ ಕೇಳಿದವರು ಎಷ್ಟು ಮಂದಿ?

2014ರಿಂದ ಶೆಡ್ಯೂಲ್ ಎಚ್-1 ನಿಯಮ ಇದೆ. ಆ ಪಟ್ಟಿಯ ಔಷಧಿ ಮಾರಿದರೆ ಅಂಗಡಿಯವನು ರೋಗಿಯ ಹೆಸರು, ಡಾಕ್ಟರ ಹೆಸರು ಬರೆದು ಆ ರಿಜಿಸ್ಟರನ್ನು ಮೂರು ವರ್ಷ ಇಡಬೇಕು. ಒಳ್ಳೆಯ ನಿಯಮ. ಆದರೆ ಮೆಡಿಕಲ್ಸ್ ಬಾಗಿಲು ಬಿಗಿ ಮಾಡಿದ ಮೇಲೆ ಆಸ್ಪತ್ರೆಯ ಬಾಗಿಲು ತೆಗೆದಿರಬೇಕಲ್ಲ? ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ನಾಟುತ್ತದೆ ಅಂತ ಹೇಳುವುದು ಕಲ್ಚರ್ ಪರೀಕ್ಷೆ. ರಿಪೋರ್ಟ್‌ಗೆ ಎರಡು ಮೂರು ದಿನ ಬೇಕು, ಲ್ಯಾಬ್ ಬೇಕು, ಟೆಕ್ನಿಷಿಯನ್ ಬೇಕು. ಅದಿಲ್ಲದ ಊರಿನಲ್ಲಿ ಡಾಕ್ಟರೂ ಅಂದಾಜಿನ ಮೇಲೇ ಬರೆಯುತ್ತಾರೆ. ಪಾಪ, ಇನ್ನೇನು ಮಾಡಿಯಾರು?

ನೀವು ಇಷ್ಟು ವರ್ಷ ಮಕ್ಕಳ ಕೈಲಿ ಪ್ರಶ್ನೆ ಕೇಳಿಸಿದವರು. ಒಂದು ಕೆಲಸ ಮಾಡಿ. ನಿಮ್ಮ ತಾಲೂಕು ಆಸ್ಪತ್ರೆಗೆ ಹೋಗಿ, ಇಲ್ಲಿ ಕಲ್ಚರ್ ಪರೀಕ್ಷೆ ಮಾಡುತ್ತೀರಾ, ಇಲ್ಲದಿದ್ದರೆ ಸ್ಯಾಂಪಲ್ ಎಲ್ಲಿಗೆ ಹೋಗುತ್ತದೆ, ರಿಪೋರ್ಟ್ ಯಾವಾಗ ಬರುತ್ತದೆ ಅಂತ ಕೇಳಿ. ಸಿಕ್ಕ ಉತ್ತರವನ್ನು ಹಾಗೇ ಬರೆದು ಕಳಿಸಿ. ಇದೇ ಜಾಗದಲ್ಲಿ ಛಾಪಿಸುತ್ತೇನೆ, ನಿಮ್ಮ ಶಾಸಕರಿಗೂ ಒಂದು ಪ್ರತಿ ಕಳಿಸುತ್ತೇನೆ.

– ಸಂ.