‘ಗ್ರಾಕ್’ ಅಂದರೆ ಅರ್ಥವಾಗುವುದಲ್ಲ, ಕುಡಿಯುವುದು

ನಿಮ್ಮ ಪ್ರಶ್ನೆ ನೋಡಿದೆ. ಅಮೆರಿಕದ ಲೇಖಕ ಹೈನ್‌ಲೈನ್ ಬರೆದ ‘ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್’ (1961) ಕಾದಂಬರಿಯ ಕೆಲವು ಪುಟಗಳನ್ನು ಅಭ್ಯಾಸಕ್ಕೆ ಅನುವಾದ ಮಾಡುತ್ತಿದ್ದೀರಿ. ‘ಗ್ರಾಕ್’ ಬಂದ ಕಡೆಯೆಲ್ಲ ‘ಅರ್ಥಮಾಡಿಕೊಳ್ಳು’ ಅಂತ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು.

ಅದು ಕಾದಂಬರಿಯ ಮಂಗಳ ಗ್ರಹದವರ ಮಾತು. ಆ ಪದದ ಬೇರು ‘ಕುಡಿ’. ಕಾದಂಬರಿಯ ಮಂಗಳದಲ್ಲಿ ನೀರಿಗೆ ಬರ. ಹಾಗಾಗಿ ಒಂದೇ ಲೋಟದ ನೀರನ್ನು ಇಬ್ಬರು ಹಂಚಿಕೊಂಡರೆ ಅವರು ಜನ್ಮದ ನಂಟರಾದಂತೆ. ಅಲ್ಲೇ ಬೆಳೆದ ಮನುಷ್ಯ ಸ್ಮಿತ್ ಭೂಮಿಗೆ ಬಂದ ಮೇಲೆ ನರ್ಸ್ ಜಿಲ್ ಜೊತೆ ನೀರು ಹಂಚಿಕೊಳ್ಳುತ್ತಾನೆ. ಅವಳಿಗೆ ಅದು ಸುಮ್ನೆ ಒಂದು ಗುಟುಕು. ಇವನಿಗೆ ಪ್ರಾಣ ಕೊಡುವಷ್ಟು ದೊಡ್ಡ ಸಂಗತಿ. ಕುಡಿದ ನೀರು ಮೈಯೇ ಆಗುತ್ತದಲ್ವಾ, ಹಾಗೆ ತಿಳಿದದ್ದು ತಿಳಿದವನೊಳಗೆ ಸೇರಿ ಇಬ್ಬರೂ ಒಂದಾಗುವುದು ಗ್ರಾಕ್. ಪ್ರೀತಿಯೂ ಅದರಲ್ಲಿದೆ, ದ್ವೇಷವೂ ಇದೆ. ಮಂಗಳದವರ ಭಾಷೆ ಬಲ್ಲ ಡಾ. ಮಹಮೂದ್ ಎಂಬ ಪಾತ್ರ ಇದನ್ನು ಬಿಡಿಸಿ ಹೇಳುವ ಭಾಗ ಬರುತ್ತದೆ. ಅದನ್ನು ಮೊದಲು ಓದಿಕೊಂಡು ಆಮೇಲೆ ಹಿಂದಿನ ಪುಟಗಳಿಗೆ ಕೈ ಹಾಕಿ.

ನಾನೂ ಒಮ್ಮೆ ಪ್ರಯತ್ನಿಸಿದ್ದೆ. ‘ಗ್ರಹಿಸು’ ಅಂತ ಹಾಕಿ ಬೀಗಿದ್ದೆ, ಸದ್ದೂ ಹತ್ತಿರ ಅಂತ. ಜೋರಾಗಿ ಓದಿದಾಗ ‘ಮಂಗಳ ಗ್ರಹದವನು ಗ್ರಹಿಸಿದನು’ ಅಂತ ಬಂತು. ಮನೆಯಲ್ಲಿ ಎಲ್ಲರೂ ನಕ್ಕರು. ಅದೂ ಅಲ್ಲದೆ, ಗ್ರಹಿಸುವುದು ಹಿಡಿಯುವ ಕೆಲಸ, ಕುಡಿಯುವ ಕೆಲಸ ಅಲ್ಲ.

ನಮ್ಮಲ್ಲಿ ತೀರಾ ಹತ್ತಿರ ಬರುವುದು ‘ಅರೆದು ಕುಡಿ’. ‘ಅವನು ವ್ಯಾಕರಣ ಅರೆದು ಕುಡಿದಿದ್ದಾನೆ’ ಅನ್ನುತ್ತೇವೆ. ಕುಡಿಯುವ ಮಾತು ನಮಗೆ ಆಗಲೇ ಇದೆ! ಆದರೆ ಅರೆದು ಕುಡಿದವನು ಪಂಡಿತನಾಗುತ್ತಾನೆ, ವ್ಯಾಕರಣವೇ ಆಗುವುದಿಲ್ಲ. ಜೊತೆಗೆ ಅದರಲ್ಲಿ ಸ್ವಲ್ಪ ಜಂಬದ ವಾಸನೆ ಇದೆ. ಸ್ಮಿತ್ ಬಾಯಲ್ಲಿ ಅದು ಕೂರುವುದಿಲ್ಲ. ಮಹಮೂದ್ ವಿವರಿಸುವ ಕಡೆ ಹೋಲಿಕೆಯಾಗಿ ಒಮ್ಮೆ ಬಳಸಿ, ಚೆನ್ನಾಗಿರುತ್ತದೆ.

ಉಳಿದ ಕಡೆ ಪದವನ್ನು ಹಾಗೇ ಬಿಡಿ, ಕ್ರಿಯಾಪದ ಮಾತ್ರ ಕನ್ನಡದ್ದು ಮಾಡಿ. ‘ಗ್ರಾಕಿಸು’ ಬೇಡ, ‘ಓದಿಸು’ ಥರ ಬೇರೆಯವರ ಕೈಲಿ ಮಾಡಿಸಿದಂತೆ ಕೇಳಿಸುತ್ತದೆ. ‘ಹಾಕು’ ಇದ್ದಂತೆ ‘ಗ್ರಾಕು’ ಅನ್ನಿ: ಗ್ರಾಕಿದೆ, ಗ್ರಾಕುತ್ತೇನೆ, ಗ್ರಾಕಲಿಲ್ಲ.

ಇನ್ನೊಂದು ಕಡೆ ಎಡವುವುದು ಜಾಸ್ತಿ. ಕನ್ನಡದಲ್ಲಿ ‘ನನಗೆ ಅರ್ಥ ಆಯ್ತು’, ‘ನನಗೆ ಗೊತ್ತಾಯ್ತು’. ತಿಳಿವಳಿಕೆ ತಾನಾಗಿ ನಮ್ಮ ಹತ್ತಿರ ಬರುತ್ತದೆ. ಅದೇ ರೂಢಿಯಲ್ಲಿ ‘ನನಗೆ ಗ್ರಾಕ್ ಆಯ್ತು’ ಅಂತ ಬರೆದುಬಿಡುತ್ತೇವೆ. ‘ನನಗೆ ಕುಡಿಯಿತು’ ಅಂತ ಯಾರಾದರೂ ಹೇಳುತ್ತಾರಾ? ‘ನಾನು ಇನ್ನೂ ಪೂರ್ತಿ ಗ್ರಾಕಿಲ್ಲ’ ಅಂತಲೇ ಬರೆಯಿರಿ. ಕಿವಿಗೆ ವಿಚಿತ್ರ ಅನಿಸುತ್ತದೆ, ಇಂಗ್ಲಿಷಿನಲ್ಲೂ ಸ್ಮಿತ್ ಮಾತು ವಿಚಿತ್ರವೇ.

ಮೊದಲ ಸಲ ಬಂದಾಗ ಅಡಿಟಿಪ್ಪಣಿ ಹಾಕಬೇಡಿ. ಲೇಖಕರು ಓದುಗರನ್ನು ಬೇಕಂತಲೇ ಕಾಯಿಸುತ್ತಾರೆ. ನೀವು ಮೊದಲೇ ಹೇಳಿಬಿಟ್ಟರೆ ಮಹಮೂದ್‌ಗೆ ಕೆಲಸವೇ ಇರುವುದಿಲ್ಲ. ಈಗ ‘ಗ್ರಾಕ್’ ಹೆಸರಿನ ಚಾಟ್‌ಬಾಟ್ ಬೇರೆ ಇದೆ, ಹುಡುಗರು ಅದನ್ನೇ ನೆನೆಸಿಕೊಳ್ಳುತ್ತಾರೆ. ಇದು ಆ ಚಾಟ್‌ಬಾಟ್ ಅಲ್ಲ ಅಂತ ಮುನ್ನುಡಿಯಲ್ಲಿ ಒಂದು ಸಾಲು ಸಾಕು.

ನೀರು ಹಂಚಿಕೊಂಡವರನ್ನು ಕರೆಯುವ ‘ವಾಟರ್ ಬ್ರದರ್’ಗೂ ಇದೇ ಪಾಡು. ಅಣ್ಣನೋ ತಮ್ಮನೋ? ಜಿಲ್ ಹೆಣ್ಣು ಬೇರೆ. ನಾನು ‘ನೀರ ನಂಟ’ ಅಂತ ಮಾಡಿಕೊಂಡಿದ್ದೆ. ಹೆಂಗಸರಿಗೂ ಅದೇ ಪದ ಇಟ್ಟೆ, ಮೂಲದಲ್ಲೂ ಹಾಗೇ ಇದೆ.

ನಿಮ್ಮ ಪ್ರತಿ ಯಾವುದು ನೋಡಿಕೊಳ್ಳಿ. 1991ರಲ್ಲಿ ಬಂದದ್ದು ಕತ್ತರಿ ಹಾಕದ ದೊಡ್ಡ ಆವೃತ್ತಿ, ಸಾಲುಗಳು 1961ರದಕ್ಕೆ ಹೊಂದುವುದಿಲ್ಲ. ಜಿಲ್ ನೀರು ಕುಡಿಯುವ ಪುಟ ಮುಗಿದಿದ್ದರೆ ಇಲ್ಲೇ ಹಾಕಿ, ನನ್ನದರ ಜೊತೆ ಇಟ್ಟು ನೋಡೋಣ.